ಕಬ್ಬಿಣದ ಗಂಟಲು

"ಇದರ ಗಂಟಲಲ್ಲಿ ಅಂಥಾದ್ದೇನು ಸಿಕ್ಕಿಹಾಕಿಕೊಂಡಿದೆ?"

ಮಗಳು ಕೇಳಿದ್ದು ಯಾರನ್ನೂ ಅಲ್ಲ. ಹಿಂದಿನ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಎದುರಿಗೆ ಹಳೇ ಟವೆಲ್ಲಿನ ಮೇಲೆ, ಕಾರಿನ ಎಂಜಿನ್ನಿನಿಂದ ಬಿಚ್ಚಿ ತಂದ ಎಕ್ಸಾಸ್ಟ್ ಮ್ಯಾನಿಫೋಲ್ಡು ಅಂಗಾತ ಬಿದ್ದಿತ್ತು. ನಾಲ್ಕು ಬಾಯಿ, ನಾಲ್ಕು ಬಾಗಿದ ಕೊಳವೆ, ಕೊನೆಗೆ ಎಲ್ಲವೂ ಕೂಡುವ ಒಂದೇ ಗಂಟಲು. ಎಂಜಿನ್ನು ಬಿಟ್ಟ ಬಿಸಿಯುಸಿರು ಈ ಬಾಯಿಗಳಿಂದ ನುಗ್ಗಿ, ಗಂಟಲ ತುದಿಯಲ್ಲಿ ಕೂತ ಟರ್ಬೊದ ಪುಟ್ಟ ಚಕ್ರವನ್ನು ಗಿರ್ರನೆ ತಿರುಗಿಸಬೇಕು. ಚಕ್ರ ತಿರುಗಿದಷ್ಟೂ ಹೊಸ ಗಾಳಿ ಎಂಜಿನ್ನಿನ ಎದೆಗೆ ತುಂಬಬೇಕು. ಬಿಟ್ಟ ಉಸಿರಿನ ಬಲದಿಂದಲೇ ಮುಂದಿನ ಉಸಿರು. ಎಷ್ಟು ಚೆಂದದ ಏರ್ಪಾಡು ಎಂದು ಅವಳಿಗೆ ಯಾವಾಗಲೂ ಬೆರಗು. ಈಗ ಆ ಏರ್ಪಾಡೇ ಎಲ್ಲೋ ಎಡವುತ್ತಿತ್ತು. ಕಿರುಬೆರಳನ್ನು ಮೂರನೇ ಬಾಯಿಗೆ ತೂರಿಸಿದಳು. ಬಾಗಿದ ತಿರುವಿನ ತನಕ ಹೋಗಿ ಬೆರಳು ಸೋತಿತು.

ಅಪ್ಪ ಡ್ರೈವಿಂಗ್ ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಯಲು ಕಲಿಸಿದವರು ಅವರೇ. ಉಳಿದರ್ಧ ಜನ ಅವರ ಶಿಷ್ಯರನ್ನು ಕಂಡರೆ ದಾರಿ ಬಿಡಲು ಕಲಿತವರು ಅಂತ ಸೋದರಮಾವನ ಕುಚೋದ್ಯ. ಹಳೇ ಮ್ಯಾನಿಫೋಲ್ಡು ಬಿರುಕು ಬಿಟ್ಟು, ಗ್ಯಾರೇಜಿನವನು ಯಾವುದೋ ಹೊಸದನ್ನು ತಂದು ಕೂರಿಸಿದ ಮೇಲೆ ಕಾರು ಸಪ್ಪಗಾಯಿತು. ಸಪ್ಪಗಾಗಿದ್ದರೆ ಹೋಗಲಿ, ಒಂದು ದಿನ ನೀರಿನ ಟ್ಯಾಂಕಿನ ದಿಬ್ಬದ ನಟ್ಟನಡುವೆ ಉಸಿರು ಕಟ್ಟಿ ನಿಂತು, ನಾಲ್ಕು ಮಾರು ಹಿಂದಕ್ಕೂ ಜಾರಿತು. ಅದೇ ದಿಬ್ಬದಲ್ಲಿ ಅಪ್ಪ ಎಷ್ಟೋ ಜನಕ್ಕೆ, ನಿಂತ ಗಾಡಿಯನ್ನು ಹಿಂದೆ ಬಿಡದೆ ಮೇಲೆತ್ತುವುದು ಹೇಗೆ ಅಂತ ಹೇಳಿಕೊಟ್ಟಿದ್ದರು. ಹಿಂದಿನ ಗಾಡಿಯಲ್ಲಿದ್ದವನು ಅವರ ಹಳೇ ಶಿಷ್ಯ. ತಲೆ ಹೊರಗೆ ಹಾಕಿ ಪ್ರೀತಿಯಿಂದಲೇ ಕೂಗಿದ: "ಮೇಷ್ಟ್ರೇ, ಕ್ಲಚ್ಚು! ಕ್ಲಚ್ಚು!"

ಅಂದಿನಿಂದ ಅಪ್ಪ ಸ್ಟೀರಿಂಗ್ ಮುಟ್ಟಿಲ್ಲ. ಗ್ಯಾರೇಜಿನವನು ಎಲ್ಲ ಸರಿಯಾಗಿದೆ ಅಂತ ಸಾಧಿಸಿದ ಮೇಲಂತೂ ಅವರ ಬಾಯಲ್ಲಿ ಒಂದೇ ಮಾತು. "ವಯಸ್ಸಾಯ್ತು ಕಣೇ ಅದಕ್ಕೆ. ಏರು ಹತ್ತೋ ಕಾಲ ಮುಗೀತು." ಕೊನೆಗೆ, ಕಾರನ್ನು ಭಾನುವಾರ ಬಂದು ತಗೊಂಡು ಹೋಗು ಅಂತ ಮಾವನಿಗೆ ಮಾತೂ ಕೊಟ್ಟುಬಿಟ್ಟರು. ಮಾವ ಆಗಲೇ ಹೊಸ ಸೀಟ್ ಕವರು ಹೊಲಿಸಿಟ್ಟಿದ್ದ, ಅದೂ ಬದನೆಕಾಯಿ ಬಣ್ಣದ್ದು.

ಮಗಳಿಗೆ ಕಾರಿನ ಆಸೆ ಇರಲಿಲ್ಲ. ಆದರೆ ಅಪ್ಪ "ಅದಕ್ಕೆ" ಅಂದಾಗಲೆಲ್ಲ ತಮ್ಮನ್ನೇ ಅಂದುಕೊಳ್ಳುತ್ತಿದ್ದಾರೆ ಅಂತ ಅವಳ ಕಿವಿಗೆ ಕೇಳಿಸುತ್ತಿತ್ತು. ಕಾರು ಮನೆ ಬಿಟ್ಟರೆ ಅಪ್ಪ ಇನ್ನೆಂದೂ ಆ ಸೀಟಿನಲ್ಲಿ ಕೂರುವುದಿಲ್ಲ. ಅದೊಂದು ಆಗಬಾರದಿತ್ತು.

ಅವಳ ಕಿವಿಯೇ ಅಂಥದ್ದು. ಪದ್ಯ ಹೇಳಿಕೊಳ್ಳುತ್ತಲೇ ಮನೆಗೆಲಸ ಮುಗಿಸುವ ಅಮ್ಮನ ಸೆರಗು ಹಿಡಿದು ಬೆಳೆದವಳು. ಸಾಲಿನ ಮಧ್ಯೆ ಎಲ್ಲೆಂದರಲ್ಲಿ ಉಸಿರೆಳೆದರೆ ಪದ್ಯ ಕುಂಟುತ್ತದೆ ಅಂತ ಅವಳಿಗೆ ಅಕ್ಷರ ಬರುವ ಮೊದಲೇ ಗೊತ್ತಿತ್ತು. ಕಾರೂ ಹಾಗೇ ಕುಂಟುತ್ತಿತ್ತು. ನಾಲ್ಕರಲ್ಲಿ ಮೂರು ಉಸಿರು ಸಲೀಸು, ಮೂರನೇ ಬಾಯಿಯದು ಮಾತ್ರ ತಡೆದು ತಡೆದು.

ಅವಳ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಮ್ಯಾನಿಫೋಲ್ಡಿನ ಮುಖಕ್ಕೆ, ಅದಕ್ಕೂ ಎಂಜಿನ್ನಿಗೂ ನಡುವೆ ಕೂರುವ ಗ್ಯಾಸ್ಕೆಟ್ಟಿನ ಹಾಳೆ ಇಟ್ಟು, ತೂತುಗಳ ಸುತ್ತ ಉಗುರು ಬಣ್ಣ ಬಳಿದು, ಸೂಜಿಯಿಂದ ಗೆರೆ ಕೊರೆದಳು. ಗೆರೆಯ ಒಳಗೆ ಚಾಚಿಕೊಂಡ ಕಬ್ಬಿಣವೆಲ್ಲ ಉಸಿರಿಗೆ ಅಡ್ಡ, ಉಜ್ಜಿ ತೆಗೆಯಬೇಕು. ಅದು ಕಣ್ಣಿಗೆ ಕಾಣುವ ಕೆಲಸ. ಕಾಣದ್ದು ತಿರುವಿನ ಆಚೆ ಇತ್ತು.

ಕಾಣದ ಬಾಯಿಗೆ ಅವಳಿಗೆ ಗೊತ್ತಿದ್ದ ಉಪಾಯ ಒಂದೇ: ಅಚ್ಚು ತೆಗೆಯುವುದು. ಲ್ಯಾಬಿನಿಂದ ತಂದ, ಹಲ್ಲಿನ ಅಚ್ಚಿಗೆ ಬಳಸುವ ಗುಲಾಬಿ ಪುಡಿಯನ್ನು ನೀರಲ್ಲಿ ಕಲಸಿ ಮೂರನೇ ಬಾಯಿಗೆ ಸುರಿದಳು. ಗಟ್ಟಿಯಾದ ಮೇಲೆ ಹಿಡಿದೆಳೆದಳು. ತುದಿ ಕಿತ್ತು ಕೈಗೆ ಬಂತು. ಮಿಕ್ಕದ್ದು ಒಳಗೇ ಕಚ್ಚಿಕೊಂಡು ಕೂತಿತು.

"ಅಯ್ಯೋ ದೇವರೇ!"

ಅಮ್ಮ ಓಡಿಬಂದು ಬಗ್ಗಿ ನೋಡಿದರು. "ಒಳಗೆ ಎಣ್ಣೆ ಸವರಿದ್ಯಾ?"

"ಎಣ್ಣೆ ಯಾಕೆ? ಬಾಯಲ್ಲಿ ಅಚ್ಚು ತೆಗೆಯೋವಾಗ ಯಾರು ಎಣ್ಣೆ ಸವರ್ತಾರೆ?" ಅಂದವಳು ಅಲ್ಲೇ ತಡೆದಳು. ಬಾಯಲ್ಲಿ ಎಂಜಲು ಇರುತ್ತದೆ. ಕಬ್ಬಿಣಕ್ಕೆ ಎಲ್ಲಿಂದ ಬರಬೇಕು?

"ಕೇಕಿನ ತಟ್ಟೆಗೂ ಎಣ್ಣೆ ಸವರಬೇಕು ಅಂತ ಗೊತ್ತಿಲ್ಲದವಳು ಊರಿನವರ ಬಾಯಿಗೆಲ್ಲ ಕೈ ಹಾಕ್ತಾಳೆ" ಅಂತ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮಗಳಿಗೂ ನಗು ತಡೆಯಲಾಗಲಿಲ್ಲ. ತಾಯಿ ಮಗಳು ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಮುಂದಿನ ಕೋಣೆಯಿಂದ ಅಪ್ಪನ ದನಿ ಬಂತು. "ಏನು ನಡೀತಿದೆ ಅಲ್ಲಿ? ರಿಪೇರಿನೋ ನಾಟಕಾನೋ?"

ಆ ಗುಲಾಬಿ ಮುದ್ದೆಗೆ ಒಂದು ಗುಣವಿತ್ತು: ಒಣಗಿದರೆ ಕುಗ್ಗುತ್ತದೆ. ಮ್ಯಾನಿಫೋಲ್ಡನ್ನು ಬಿಸಿಲಿಗಿಟ್ಟರು. ಸಂಜೆ ಎತ್ತಿ ಅಲ್ಲಾಡಿಸಿದರೆ ಒಳಗಿಂದ ಗಲಗಲ ಸದ್ದು. ಸುಕ್ಕಾದ ತುಂಡು ತಾನೇ ಉದುರಿತು. ಎರಡನೇ ಸಲ ಅಮ್ಮನೇ ಕಡ್ಡಿಗೆ ಬಟ್ಟೆ ಸುತ್ತಿ, ಎಣ್ಣೆ ಅದ್ದಿ, ನಾಲ್ಕೂ ಕೊಳವೆಯ ಒಳಮೈಗೆ ಸವರಿಕೊಟ್ಟರು. ಈ ಸಲ ನಾಲ್ಕು ಅಚ್ಚೂ ಹಾವಿನ ಮರಿಗಳಂತೆ ನುಣುಚಿ ಹೊರಗೆ ಬಂದವು. ಸಾಲಾಗಿ ಇಟ್ಟು ನೋಡಿದರೆ ಮೂರು ಒಂದೇ ತರ. ಮೂರನೇ ಬಾಯಿಯದಕ್ಕೆ ಮಾತ್ರ ತಿರುವಿನಲ್ಲಿ ಹೆಬ್ಬೆರಳು ಹೂತುಹೋಗುವಷ್ಟು ದೊಡ್ಡ ಗುಳಿ. ಅಚ್ಚಿನಲ್ಲಿ ಗುಳಿ ಅಂದರೆ ಕಬ್ಬಿಣದಲ್ಲಿ ಗಂಟು. ಎರಕ ಹೊಯ್ದವರ ಕೈಯಲ್ಲಿ ಜಾಸ್ತಿಯಾಗಿ ಉಳಿದುಬಿಟ್ಟ ಗಂಟು.

"ಅಪ್ಪಾ!" ಅಂತ ಅಚ್ಚು ಹಿಡಿದು ಮುಂದಿನ ಕೋಣೆಗೆ ಓಡಿದಳು. "ವಯಸ್ಸಾಗಿಲ್ಲ ನಿಮ್ಮ ಕಾರಿಗೆ. ಬುದ್ಧಿಹಲ್ಲು ಬಂದಿದೆ!"

ಅಪ್ಪ ಪೇಪರಿನ ಅಂಚಿನಿಂದ ಅಚ್ಚನ್ನು ನೋಡಿದರು, ಅವಳನ್ನು ನೋಡಿದರು. "ಕಿತ್ತಾಕು ಮತ್ತೆ" ಅಂದು ಪೇಪರು ಮೇಲೆತ್ತಿಕೊಂಡರು. ಪೇಪರು ತಲೆಕೆಳಗಾಗಿತ್ತು.

ಪಕ್ಕದ ಮನೆಯ ವೆಲ್ಡರನ ಹತ್ತಿರದಿಂದ ಉದ್ದ ಕತ್ತಿನ ಗ್ರೈಂಡರು ಬಂತು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಕಟ್ಟಿ ಮಗಳು ಶುರುಮಾಡಿದಳು. ಗಂಟಿನ ಹಿಂದಿನ ಗೋಡೆ ಎಷ್ಟು ದಪ್ಪವಿದೆಯೋ ಯಾರಿಗೆ ಗೊತ್ತು! ಒಂದು ಗೀರು ಹೆಚ್ಚಾದರೆ ಗೋಡೆಯೇ ತೂತು, ಆಮೇಲೆ ಕಾರು ಗುಜರಿಗೆ. ಮನಸ್ಸಿನಲ್ಲೇ ಕೈಮುಗಿದು ಗ್ರೈಂಡರು ಒತ್ತಿದಳು. ಅದು ಮನೆಯೆಲ್ಲ ಅದುರುವ ಹಾಗೆ ಕಿರುಚಿತು.

ಬಾಗಿಲಲ್ಲಿ ಅಪ್ಪ ಬಂದು ನಿಂತಿದ್ದರು. "ಏಯ್, ಅಷ್ಟೊಂದು ಯಾಕೆ ಕಿರುಚಿಸ್ತೀಯಾ? ಫಸ್ಟ್ ಗೇರಲ್ಲೇ ಊರು ಸುತ್ತೋರ ತರ! ಕಾಲು ತೆಗಿ. ಅಲ್ಲ, ಬೆರಳು ತೆಗಿ. ಹಾಂ, ಈಗ ನಿಧಾನ."

"ನೀವೇ ಸ್ವಲ್ಪ ಹಿಡ್ಕೊಳ್ಳಿ, ಅಲ್ಲಾಡ್ತಿದೆ."

ಅಪ್ಪ ಗೊಣಗುತ್ತಲೇ ಮಂಡಿಯೂರಿ ಕೂತು ಎರಡೂ ಕೈಯಿಂದ ಮ್ಯಾನಿಫೋಲ್ಡು ಹಿಡಿದರು. ಅಲ್ಲಿಂದಾಚೆ ಅದು ಇಬ್ಬರ ಕೆಲಸವಾಯಿತು. ಅವಳು ಒಂದಿಷ್ಟು ಉಜ್ಜುವಳು, ಒರೆಸುವಳು, ಎಣ್ಣೆ ಸವರಿ ಮತ್ತೆ ಅಚ್ಚು ತೆಗೆದು ಪಕ್ಕದ ಅಚ್ಚಿನೊಂದಿಗೆ ಹೋಲಿಸುವಳು. ಅವರು "ಇನ್ನೊಂದು ಚೂರು", "ಸಾಕು ಸಾಕು, ಬ್ರೇಕು" ಅನ್ನುವರು. ಗ್ರೈಂಡರಿನ ದನಿ ಏರಿದಾಗಲೆಲ್ಲ ಅವರ ಬಲಗಾಲು ತನ್ನಷ್ಟಕ್ಕೇ ನೆಲ ಒತ್ತುತ್ತಿತ್ತು. ಕಡೆಗೊಮ್ಮೆ ಗುಳಿ ಮಾಯವಾಗಿ ನಾಲ್ಕೂ ಅಚ್ಚು ಅಣ್ಣತಮ್ಮಂದಿರ ಹಾಗೆ ಕಂಡವು. ಅಪ್ಪನ ಮೀಸೆಯ ತುಂಬ ಕಬ್ಬಿಣದ ಪುಡಿ. "ಮದುವೆ ದಿನ ಇಷ್ಟೇ ಕಪ್ಪಗಿತ್ತು" ಅಂದರು ಅಮ್ಮ.

ಭಾನುವಾರ ಬೆಳಗ್ಗೆ ಮಾವ ಬದನೆಕಾಯಿ ಬಣ್ಣದ ಕವರನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದ. ಹೊಸ ಗ್ಯಾಸ್ಕೆಟ್ಟು ಹಾಕಿ, ನಟ್ಟು ಬಿಗಿದು, ಎಲ್ಲ ಜೋಡಿಸಿ ಆಗಿತ್ತು. "ಕೊಡೋಕೆ ಮುಂಚೆ ಒಂದು ಸುತ್ತು ಹೋಗಿಬರೋಣ" ಅಂದಳು ಮಗಳು. ಅವಳೇ ಓಡಿಸಿದಳು. ಅಪ್ಪ ಪಕ್ಕದಲ್ಲಿ, ಮಾವ ಹಿಂದೆ. ದಿಬ್ಬದ ನಟ್ಟನಡುವೆ, ಅದೇ ಜಾಗದಲ್ಲಿ, ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಇಳಿದು, ಅಪ್ಪನ ಕಡೆಯ ಬಾಗಿಲು ತೆರೆದಳು.

"ನಂಗೆ ಇಲ್ಲಿಂದ ಎತ್ತೋಕೆ ಭಯ. ನೀವು ತಗೊಳ್ಳಿ."

"ಸುಳ್ಳುಬುರುಕಿ" ಅಂದರು ಅಪ್ಪ. ಎಂಜಿನ್ನು ಗುನುಗುತ್ತಿತ್ತು. ಅವರು ಕಿವಿಗೊಟ್ಟು ಕೇಳಿದರು. ಎಲ್ಲೂ ತಡೆಯಿಲ್ಲ. ಹಿಂದೆ ಯಾರೋ ಹಾರ್ನ್ ಒತ್ತಿದರು. ಅಪ್ಪ ಇಳಿದು, ಸುತ್ತಿ ಬಂದು, ಸ್ಟೀರಿಂಗಿನ ಮುಂದೆ ಕೂತು, ಕನ್ನಡಿ ತಿದ್ದಿಕೊಂಡರು. ಮಗಳು ಪಕ್ಕದ ಸೀಟಿಗೆ ಹತ್ತಿದಳು.

ಕಾರು ಒಂದಂಗುಲವೂ ಹಿಂದೆ ಜಾರಲಿಲ್ಲ. ಮೊದಲು ಮೆಲ್ಲಗೆ, ಆಮೇಲೆ ಬಾನೆಟ್ಟಿನ ಒಳಗಿಂದ ಟರ್ಬೊದ ಸಣ್ಣ ಸಿಳ್ಳೆ ಎದ್ದು, ಆ ಸಿಳ್ಳೆ ಏರುತ್ತ ಏರುತ್ತ ಮೂವರ ಬೆನ್ನೂ ಸೀಟಿಗೆ ಒತ್ತಿಕೊಂಡಿತು. "ಭಾವಾ, ಮೆಲ್ಲಗೆ!" ಅಂತ ಮಾವ ಕವರನ್ನು ಎದೆಗವಚಿಕೊಂಡ. ಟ್ಯಾಂಕಿನ ಹತ್ತಿರ ಹೋಗಿ ಅಪ್ಪ ಕಾರು ತಿರುಗಿಸಿದರು, ಕೆಳಗಿಳಿದರು, ಮತ್ತೆ ಹತ್ತಿದರು. ಕೆಳಗಿಳಿದು, ಬೇಕಂತಲೇ ನಡುವೆ ನಿಲ್ಲಿಸಿ, ಮತ್ತೆ ಹತ್ತಿದರು. ಕಿಟಕಿ ಪೂರ್ತಿ ಇಳಿಸಿ, ಗಾಳಿಗೆ ಕೂದಲು ಬಿಟ್ಟುಕೊಂಡು, ಏನನ್ನೋ ನೆನೆದು ಒಬ್ಬರೇ ನಕ್ಕರು. ಮಗಳು ಆ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

"ಭಾವಾ, ಸಾಕು" ಅಂದ ಮಾವ, ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ. "ನಮ್ಮನೇಲಿ ಎಲ್ಲಾ ಕಾಯ್ತಿದಾರೆ. ನೀವು ಮಾತು ಕೊಟ್ಟಿದ್ದೀರಿ. ಈಗ ಇಳೀರಿ, ಗಾಡಿ ನನ್ನ ಕೈಗೆ ಕೊಡಿ."

ಅಪ್ಪ ಗೇರು ಬದಲಿಸಿದರು.

"ಕೊಡಲ್ಲ."