ಮೂರನೇ ಬೋರ್ಡಿನ ಹಲಗೆ

ಮಗಳು ಡಿಗ್ರಿ ಮುಗಿಸಿದ ಮನೆಯಲ್ಲಿ ಒಂದೇ ಪ್ರಶ್ನೆ ಕಾಲಿಗೆ ತೊಡರುತ್ತಿರುತ್ತದೆ: ಮುಂದೇನು? ಕೇಳುವವರು ಹತ್ತು ಮಂದಿ, ಉತ್ತರ ಹೇಳುವವರು ಇಪ್ಪತ್ತು. ಓದಬೇಕಾದವಳನ್ನು ಮಾತ್ರ ಯಾರೂ ಕೇಳುವುದಿಲ್ಲ.

ಟೆಲಿಫೋನಮ್ಮನ ಮನೆಯಲ್ಲೂ ಹಾಗೇ ಆಗಿತ್ತು. ಭಾನುವಾರ ಮಧ್ಯಾಹ್ನ. ಮೇಜಿನ ಮೇಲೆ ಎರಡು ಅರ್ಜಿಗಳಿದ್ದವು. ಒಂದು ಆಫೀಸು ಕೆಲಸದ ಕೋರ್ಸಿನದು, ಸೋದರಮಾವ ತಂದುಕೊಟ್ಟದ್ದು. ಇನ್ನೊಂದು ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನ ಎಂ.ಎ.ಗೆ, ಮಗಳು ತಾನೇ ಬಸ್ಸು ಹತ್ತಿ ಹೋಗಿ ತಂದದ್ದು. ಎರಡಕ್ಕೂ ಮರುದಿನವೇ ಕೊನೆ. ಎರಡೂ ಖಾಲಿ.

ಬಾಗಿಲ ಗಂಟೆ ಸದ್ದಾಯಿತು.

"ಯಾವ ನಂಬರು ಬೇಕು?" ಎಂದಳು ಟೆಲಿಫೋನಮ್ಮ, ಒಳಗಿನಿಂದಲೇ.

ಇಪ್ಪತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವಳು. ಕೆಲಸ ಬಿಟ್ಟು ಯಾವ ಕಾಲವಾಯಿತೋ, ಯಾವ ಗಂಟೆ ಸದ್ದಾದರೂ ಬಾಯಿಗೆ ಬರುವುದು ಅದೊಂದೇ ಮಾತು. ಪಕ್ಕದ ಮನೆಯ ನರ್ಸು ಅದನ್ನು ಕೇಳುವುದಕ್ಕೆಂದೇ, ಬಾಗಿಲು ತೆರೆದಿದ್ದರೂ ಗಂಟೆ ಒತ್ತುತ್ತಿದ್ದಳು.

"ಚಹಾ ಡಿಪಾರ್ಟ್‌ಮೆಂಟು ಕೊಡಿ ಅಕ್ಕಾ," ಎನ್ನುತ್ತಾ ಬಂದು ಕೂತಳು. ಮಗಳ ಮುಖ ನೋಡಿದಳು, ಅರ್ಜಿ ನೋಡಿದಳು. "ಇದೇನು, ಇನ್ನೂ ತುಂಬಿಲ್ಲ?"

"ಚಿಕ್ಕಮ್ಮ, ನೀವೇ ಹೇಳಿ ಅಮ್ಮನಿಗೆ."

"ಏನು ಹೇಳ್ತಾಳೆ?" ಟೆಲಿಫೋನಮ್ಮ ಒಲೆ ಹಚ್ಚಿದಳು. "ಹೆಂಗಸಾಗಿ ಹುಟ್ಟಿದ್ದು ಸಾಲದು ಅಂತ ಅದನ್ನ ಬೇರೆ ಓದ್ಬೇಕಾ? ಅಂಗೈ ಹುಣ್ಣಿಗೆ ಕನ್ನಡಿ ಯಾಕಮ್ಮಾ?"

"ಅಂಗೈ ಹುಣ್ಣಿಗೆ ಬೇಡ ಅಕ್ಕಾ. ಬೆನ್ನ ಮೇಲಿನ ಹುಣ್ಣಿಗೆ ಬೇಕಲ್ಲ?"

"ಗಂಡಸರನ್ನ ಬೈಯೋದು ಕಲಿಸ್ತಾರಂತೆ ಅಲ್ಲಿ. ನನ್ನ ತಮ್ಮ ಹೇಳ್ದ."

"ಅದಕ್ಕೆ ಎರಡು ವರ್ಷ ಯಾಕೆ? ನಮ್ಮ ಹೆಂಗಸರೆಲ್ಲ ಸೇರೋ ಮೆಟ್ಟಿಲ ಮೇಲೆ ಎರಡು ನಿಮಿಷ ನಿಂತ್ರೆ ಸಾಕು, ಪುಕ್ಕಟೆ ಕಲೀಬಹುದು."

ಮಗಳು ಕಿಸಕ್ಕನೆ ನಕ್ಕಳು. ತಾಯಿ ನಗಲಿಲ್ಲ. ಮೇಲಿನ ಗೂಡಿನಿಂದ ಚಹಾದ ಪಾತ್ರೆ ಇಳಿಸಲು ಎಡಗೈ ಎತ್ತಿದವಳು, ಅರ್ಧಕ್ಕೇ ನಿಲ್ಲಿಸಿ ಬಲಗೈ ಚಾಚಿದಳು. ನರ್ಸು ಅದನ್ನು ನೋಡಿದಳು. ನೋಡುವುದೇ ಅವಳ ಕೆಲಸ.

"ಭುಜ ಇನ್ನೂ ಹಾಗೇ ಇದೆಯಾ?"

"ಅದು ನನ್ನ ಹಣೆಬರಹ, ಬಿಡು."

"ಗುರುವಾರ ವ್ಯಾಯಾಮಕ್ಕೆ ಆಸ್ಪತ್ರೆಗೆ ನಾಲ್ಕು ಜನ ಜೊತೆಯಾಗಿ ಬರ್ತೀರಲ್ಲ. ಎಲ್ಲರೂ ಎಕ್ಸ್‌ಚೇಂಜಿನವರೇ?"

"ಎಲ್ಲ ನಮ್ಮವರೇ."

"ಎಲ್ಲರಿಗೂ ಎಡಭುಜ?"

ಟೆಲಿಫೋನಮ್ಮ ಬೆರಳು ಮಡಿಸಿ ಎಣಿಸಿದಳು. "ಹೂಂ. ಎಡಭುಜ."

"ಅಲ್ಲಕ್ಕಾ, ಆ ದೇವರು ನಾಲ್ಕು ಜನರ ಹಣೆಬರಹಾನೂ ಎಡಭುಜದ ಮೇಲೇ ಬರೆದ್ನಾ?"

ಚಹಾ ಉಕ್ಕಿತು. ಒಲೆ ಆರಿಸಿದ್ದು ಮಗಳು. ತಾಯಿ ಕುರ್ಚಿ ಎಳೆದು ಕೂತಿದ್ದಳು. ಎಡಗೈ ತಾನಾಗಿ ಮೇಲೆದ್ದು, ಗಾಳಿಯಲ್ಲಿ ಏನನ್ನೋ ಚುಚ್ಚಿ ಕೆಳಗಿಳಿಯಿತು.

"ಬಲಗೈಲಿ ಚೀಟಿ ಬರೀತಿದ್ವಿ," ಎಂದಳು ನಿಧಾನವಾಗಿ. "ಯಾರು ಮಾಡಿದ ಕರೆ, ಯಾವೂರಿಗೆ, ಎಷ್ಟು ನಿಮಿಷ ಅಂತ. ಎಡಗೈಲಿ ಬೋರ್ಡಿನ ತೂತಿಗೆ ತಂತಿ ಚುಚ್ಚೋದು. ದೀಪ ಹತ್ತಿದ ಕಡೆ ಚುಚ್ಚು, ಆರಿದ ಕಡೆ ಕೀಳು. ದೂರದೂರಿನ ಟ್ರಂಕ್ ಕರೆಯ ತೂತುಗಳೆಲ್ಲ ಮೇಲಿನ ಸಾಲಲ್ಲಿ. ಆ ಬೋರ್ಡು ಮಾಡಿದ ಮಹಾರಾಯ ಅದರ ಮುಂದೆ ಒಂದಿನಾನೂ ಕೂತವನಲ್ಲ. ಹನ್ನೊಂದು ಜನ ಹೆಂಗಸರಲ್ಲಿ ಒಬ್ಬಳಿಗೂ ನೆಟ್ಟಗೆ ಎಟಕ್ತಿರ್ಲಿಲ್ಲ."

"ಮತ್ತೆ ಏನ್ಮಾಡ್ತಿದ್ರಿ?" ಮಗಳು ಕೇಳಿದಳು. ಇಪ್ಪತ್ತೆರಡು ವರ್ಷದಲ್ಲಿ ಕೇಳಿದ್ದು ಇದೇ ಮೊದಲು.

ತಾಯಿಯ ಮುಖ ಅರಳಿತು. "ಕುಳ್ಳಿ ಅಂತ ಒಬ್ಬಳಿದ್ಲು, ಒಂಬತ್ತನೇ ಬೋರ್ಡಿನವಳು. ಒಂದಿನ ಮನೆಯಿಂದ ಒಂದು ದಪ್ಪ ಹಲಗೆ ತಂದು ಕುರ್ಚಿ ಮೇಲಿಟ್ಕೊಂಡು ಕೂತ್ಲು. ಮಹಾರಾಣಿ ಥರ! ತಿಂಗಳಲ್ಲಿ ಹನ್ನೊಂದು ಹಲಗೆ. ಕೈಯೂ ನೋಯ್ತಿರ್ಲಿಲ್ಲ, ಕೆಲಸಾನೂ ಚುರುಕು. ಸೂಪರ್‌ವೈಸರ್ ಬಂದು, ಇದೇನು ಬಡಗಿ ಅಂಗಡಿನಾ, ನೋಡೋಕೆ ಬಂದವರು ಏನಂತಾರೆ, ಎಲ್ಲ ತೆಗೀರಿ ಅಂದ."

"ತೆಗೆದ್ರಾ?"

"ನಾವಾ? ಬಾಗಿಲ ಹತ್ತಿರದವಳು ಮೆಟ್ಟಿಲ ಮೇಲೆ ಅವನ ಬೂಟಿನ ಸದ್ದು ಕೇಳಿದ ತಕ್ಷಣ ಪ್ಲಗ್ಗಿಂದ ಮೇಜಿನ ಮೇಲೆ ಟಕ್ ಟಕ್ ಅಂತ ಎರಡು ಸಲ ಕುಟ್ಟೋಳು. ಹನ್ನೊಂದು ಹಲಗೆ ಸರ್‍ರನೆ ಕಾಲ ಕೆಳಗೆ! ಒಂದು ಕರೆಯೂ ಕಟ್ಟಾಗ್ತಿರ್ಲಿಲ್ಲ. ಅವನು ಹೋದ ಮೇಲೆ ನಗು ತಡೆಯೋಕಾಗದೆ ಕುಳ್ಳಿ ಕರೆ ಮಾಡಿದವರಿಗೆಲ್ಲ ನಮಸ್ಕಾರದ ಬದಲು 'ಹಹ್ಹಹ್ಹ' ಅಂತಿದ್ಲು."

ಮೂವರೂ ನಕ್ಕರು. ಆ ಕೋಣೆ, ಆ ಪುಟ್ಟ ಪುಟ್ಟ ದೀಪಗಳು, ಬಿಸಿಯಾದ ತಂತಿಯ ವಾಸನೆ, ಪಕ್ಕದವಳ ಮೊಣಕೈ ತಾಗುವ ಬಿಸುಪು, ಎಲ್ಲ ಆ ಮೇಜಿನ ಸುತ್ತ ಬಂದು ಕೂತ ಹಾಗಿತ್ತು.

"ಒಂದಿನ ಆ ಸೂಪರ್‌ವೈಸರ್ ಹೇಳದೆ ಕೇಳದೆ ಬಂದ. ಎಲ್ಲ ಹೊರಿಸಿಕೊಂಡು ಹೋದ," ಎಂದಳು ತಾಯಿ, ದನಿ ಇಳಿಸಿ. "ಆಮೇಲೆ ಹತ್ತೊಂಬತ್ತು ವರ್ಷ ಕೈ ಎಟಕಿಸಿದ್ದೇ ಎಟಕಿಸಿದ್ದು. ನನ್ನ ಹಲಗೆ ಮಾತ್ರ ಉಳೀತು. ಸಿಬಿರೆದ್ದಿತ್ತು, ಉಜ್ಜೋಣ ಅಂತ ಹಿಂದಿನ ದಿನ ಮನೆಗೆ ತಂದಿದ್ದೆ."

"ಎಲ್ಲಿದೆ ಅದು?"

"ನೀರಿನ ಡ್ರಮ್ಮಿನ ಕೆಳಗೆ. ನೀನು ಅಕ್ಷರ ತಿದ್ದಿದ್ದು ಅದರ ಮೇಲೆ ಕೂತೇ."

ಮಗಳು ಎದ್ದು ಹೋಗಿ ಡ್ರಮ್ಮು ಸರಿಸಿ ಹಲಗೆ ತಂದಳು. ಕರ್ರಗೆ ನೆನೆದಿತ್ತು. ನಡುವೆ ಕೂತು ಕೂತು ನುಣುಪಾಗಿ ತಗ್ಗು ಬಿದ್ದಿತ್ತು.

ನರ್ಸು ಅರ್ಜಿಯ ಕೊನೆಯ ಪುಟ ತಿರುಗಿಸಿ ಓದಿದಳು: "'ನೀವು ಬಲ್ಲ ಒಬ್ಬ ಹೆಂಗಸಿನ ದುಡಿಮೆಯ ಬಗ್ಗೆ ಒಂದು ಪುಟ ಬರೆದು ಲಗತ್ತಿಸಿ.' ಕೇಳಿದ್ರಾ ಅಕ್ಕಾ? ಓದು ಅಂದ್ರೆ ಇದೇ. ಕೆಲಸ, ಕೂಲಿ, ಕಾನೂನು, ಆರೋಗ್ಯ, ಇತಿಹಾಸ ಎಲ್ಲಾನೂ ಹೆಂಗಸು ಕೂತ ಕುರ್ಚಿಯಿಂದ ನೋಡೋದು. ಒಬ್ಬಳ ಭುಜ ನೋವಾದ್ರೆ ಹಣೆಬರಹ. ಹನ್ನೊಂದು ಜನರದ್ದು ಕೇಳಿ ಬರೆದ್ರೆ, ಬೋರ್ಡಿನ ತಪ್ಪು ಅಂತ ಗೊತ್ತಾಗುತ್ತೆ. ಅವತ್ತು ಹೀಗೆ ಕೇಳಿ ಬರೆಯೋರು ಒಬ್ಬರಿದ್ದಿದ್ರೆ?"

"ಓದಿದ್ರೆ ಕೆಲಸ ಸಿಗುತ್ತಾ?" ತಾಯಿಯ ಕೊನೆಯ ಗುಂಡು ಅದು.

"ತಟ್ಟೇಲಿಟ್ಟು ಯಾರೂ ಕೊಡಲ್ಲ. ಯಾವ ಓದಿಗೂ ಕೊಡಲ್ಲ. ನಾನು ಡ್ಯೂಟಿ ಮಾಡ್ತಾ ಇದನ್ನೇ ಓದಿದೆ. ಈಗ ಆಸ್ಪತ್ರೇಲಿ ಹೆಂಗಸರಿಗೆ ಸಲಹೆ ಕೊಡೋ ಕೋಣೆ ನನ್ನ ಕೈಲಿದೆ. ನನ್ನ ಜೊತೆಗಿದ್ದವರಲ್ಲಿ ಒಬ್ಬಳು ಪಾಠ ಮಾಡ್ತಾಳೆ, ಒಬ್ಬಳು ಪತ್ರಿಕೇಲಿದ್ದಾಳೆ. ಒಬ್ಬಳು ಇನ್ನೂ ಹುಡುಕ್ತಿದ್ದಾಳೆ. ಸುಳ್ಳು ಹೇಳಲ್ಲ."

ಟೆಲಿಫೋನಮ್ಮ ಹಲಗೆಯ ತಗ್ಗಿನ ಮೇಲೆ ಬೆರಳಾಡಿಸಿದಳು. ತಮ್ಮ ತಂದ ಅರ್ಜಿಯನ್ನು ಮಡಿಸಿ ಚಹಾ ಪಾತ್ರೆಯ ಅಡಿಗಿಟ್ಟಳು. ಇನ್ನೊಂದನ್ನು ಮಗಳ ಮುಂದಕ್ಕೆ ತಳ್ಳಿದಳು.

"ಬರ್ಕೋ. ನಂದು ಮೂರನೇ ಬೋರ್ಡು. ಮೊದಲಿಂದ ಹೇಳ್ತೀನಿ. ಕುಳ್ಳಿ ವಿಷಯ ಬಿಡಬೇಡ ಮತ್ತೆ."

ಹದಿನೈದು ದಿನದ ಮೇಲೆ ಫೋನು ರಿಂಗಾಯಿತು.

"ಯಾವ ನಂಬರು ಬೇಕು?"

"ಮೂರನೇ ಬೋರ್ಡಿನವರು ಬೇಕಿತ್ತು," ಎಂದಿತು ಮಗಳ ದನಿ. "ಅಮ್ಮ, ಪಟ್ಟಿಯಲ್ಲಿ ನಾನಿದ್ದೀನಿ. ಇಲ್ಲಿ ಪಾಠ ಮಾಡೋ ಮೇಡಂ ಆ ಪುಟ ಓದಿ, ನಿಮ್ಮ ಗುರುವಾರದ ಗುಂಪನ್ನ ಕಂಡು ಮಾತಾಡ್ಬೇಕು ಅಂತಿದ್ದಾರೆ. ಹಲಗೇನೂ ನೋಡ್ಬೇಕಂತೆ. ಏನು ಹೇಳ್ಲಿ?"

ಇಪ್ಪತ್ತಾರು ವರ್ಷ ಯಾರ್‍ಯಾರಿಗೋ ಯಾರ್‍ಯಾರದೋ ಕರೆ ಕೂಡಿಸಿದವಳು ಟೆಲಿಫೋನಮ್ಮ. ಈ ಕರೆ ಅವಳಿಗೇ ಬಂದಿತ್ತು.

"ಲೈನಿನಲ್ಲೇ ಇದ್ದೀನಿ," ಎಂದಳು. "ಬರೋಕೆ ಹೇಳು."

ಓದುತ್ತಿರುವ ಅಕ್ಕತಂಗಿಯರೇ, ನಿಮ್ಮ ಮನೆಯ ಡ್ರಮ್ಮಿನ ಕೆಳಗೂ ಅಂಥದೊಂದು ಹಲಗೆ ಇದ್ದೀತು. ಅದರ ಕಥೆ ಕೇಳಿ ಬರೆಯುವುದೂ ಓದೇ, ಎಂ.ಎ. ಓದೇ. ಮನೆಯ ಹುಡುಗಿ ಮಹಿಳಾ ಅಧ್ಯಯನ ಓದುತ್ತೇನೆ ಎಂದರೆ ನಗಬೇಡಿ, ಕೂರಿಸಿಕೊಂಡು ಯಾಕೆ ಎಂದು ಕೇಳಿ. ಡಿಗ್ರಿ ಮುಗಿಸಿ ವರ್ಷಗಳಾದ ಸೊಸೆಯಂದಿರೇ, ದುಡಿಯುತ್ತಿರುವವರೇ, ತಡವಾಯಿತು ಎಂದುಕೊಳ್ಳಬೇಡಿ. ಕೆಲಸ ಮಾಡುತ್ತಲೇ ಓದುವ ದಾರಿ ಅನೇಕ ಕಡೆ ಇರುತ್ತದೆ. ಹತ್ತಿರದ ವಿಶ್ವವಿದ್ಯಾಲಯಕ್ಕೆ ಹೋಗಿ, ಯಾವ ಡಿಗ್ರಿ ಬೇಕು, ನೆರವು ಏನಿದೆ, ಕೊನೆ ದಿನ ಯಾವತ್ತು ಎಂದು ಬಾಯಿಬಿಟ್ಟು ಕೇಳಿ. ಇವತ್ತೇ ಕೇಳಿ. ನಿಮಗೊಂದು ಕರೆ ಕಾಯುತ್ತಿದೆ, ಎತ್ತಿಕೊಳ್ಳಿ.