ಬಯಲಿಗೆ ಬಿಟ್ಟ ಹನ್ನೆರಡು

೧
ಎಲ್ಲಿಂದ ಶುರುಮಾಡಲಿ? ಮಣ್ಣಿನಿಂದ ಎಂದರೆ ಪುಟ ತಿರುಗಿಸುತ್ತೀರಿ. ಎರೆಹುಳುವಿನಿಂದ ಎಂದರೆ ಮೂಗು ಮುರಿಯುತ್ತೀರಿ. ಸರಿ, ಸತ್ತ ನರಿಯಿಂದಲೇ ಆಗಲಿ. ಹೆಣ ಕಂಡರೆ ಓದುಗರು ಎದ್ದು ಹೋಗುವುದಿಲ್ಲ.

೨
ನರಿ ಪ್ರಾಣಿವೈದ್ಯೆಯ ಸ್ಟೀಲ್ ಮೇಜಿನ ಮೇಲಿತ್ತು. ಮುಚ್ಚಿಹೋದ ಬ್ಯಾಟರಿ ಕಾರ್ಖಾನೆಯ ಹಿಂದಿನ ಬಯಲಲ್ಲಿ ಸಿಕ್ಕಿದ್ದು. ತಂದ ಕಾವಲುಗಾರ ಹೇಳಿದ: “ಮೂರು ದಿನದಿಂದ ಸುತ್ತಿದಲ್ಲೇ ಸುತ್ತುತ್ತಿತ್ತು ಡಾಕ್ಟ್ರಮ್ಮ. ಕಣ್ಣು ಕಾಣ್ತಿರಲಿಲ್ಲ ಅನ್ಸುತ್ತೆ, ಗೋಡೆಗೆ ಹೋಗಿ ಗುದ್ದುತ್ತಿತ್ತು.”

ಹೊಟ್ಟೆ ಕೊಯ್ದಳು. ಒಳಗೆ ಎರಡು ಸುಂಡಿಲಿ. ಸುಂಡಿಲಿಯೊಳಗೆ ಎರೆಹುಳು. ಎರೆಹುಳುವಿನೊಳಗೆ ಮಣ್ಣು. (ಅಜ್ಜಿಕಥೆಯಾಗಿದ್ದರೆ ಕಟ್ಟಕಡೆಗೆ ಮುತ್ತು ಸಿಗುತ್ತಿತ್ತು. ಇಲ್ಲಿ ಸೀಸ, ಬ್ಯಾಟರಿಯ ವಿಷ.)

ಎಡಗಾಲನ್ನು ಸವರಿದಾಗ ಚರ್ಮದಡಿ ಗಟ್ಟಿಯಾದದ್ದೇನೋ ಬೆರಳಿಗೆ ತಗುಲಿತು. ಒಂದು ಪ್ಲೇಟು, ಆರು ಸ್ಕ್ರೂ. ಅವಳೇ ಕೂರಿಸಿದ್ದು.

೩
(ಮೊದಲ ಡ್ರಾಫ್ಟಿನಲ್ಲಿ ಅವಳು ಇಲ್ಲಿ ಬಿಕ್ಕಿಬಿಕ್ಕಿ ಅತ್ತಳು. ಹರಿದು ಹಾಕಿದೆ. ಕೈ ತೊಳೆದಳು. ಮತ್ತೊಮ್ಮೆ ತೊಳೆದಳು. ಅಷ್ಟೇ.)

ಎರಡು ವರ್ಷದ ಹಿಂದೆ ಲಾರಿಗೆ ಸಿಕ್ಕಿದ್ದ ಮರಿ ಅದು. ಕಾಲು ಕೂಡಿದ ಮೇಲೆ ಆ ಬಯಲಿಗೆ ಬಿಟ್ಟವಳೂ ಅವಳೇ. “ಬೇಲಿ ಇದೆ, ಜನ ಇಲ್ಲ, ನಾಯಿ ಇಲ್ಲ. ಹುಲ್ಲು ನೋಡಣ್ಣ, ಎಷ್ಟು ಹಸಿರು!”

ವ್ಯಾನು ಓಡಿಸುತ್ತಿದ್ದ ಅಣ್ಣ ಕೇಳಿದ್ದ: “ಅಷ್ಟು ಒಳ್ಳೆ ಹುಲ್ಲಾದ್ರೆ ಯಾರೂ ಯಾಕೆ ದನ ಬಿಡಲ್ಲ?”

“ನಿನ್ನ ಬಾಯಲ್ಲಿ ಒಂದು ಒಳ್ಳೆ ಮಾತು ಬರಲ್ಲ” ಎಂದು ನಕ್ಕಿದ್ದಳು. ಆಮೇಲೆ ಇನ್ನೂ ಹನ್ನೊಂದು ಪ್ರಾಣಿಗಳನ್ನು ಅಲ್ಲೇ ಬಿಟ್ಟಿದ್ದಳು.

೪
ಅರಣ್ಯ ಇಲಾಖೆಯಿಂದ ಫೋನು ಬಂತು. “ಅಲ್ಲಿ ಪಾರ್ಕ್ ಬರ್ತಿದೆ ಮೇಡಂ. ವಯಸ್ಸಾಗಿ ಸತ್ತಿದೆ ಅಂತ ಬರೀರಿ, ನಿಮ್ಮದೇನು ಹೋಗುತ್ತೆ?”

“ಎರಡು ವರ್ಷದ ನರಿಗೆ ವಯಸ್ಸಾಯ್ತಾ ಸಾರ್?”

ಸೀಸ ಎಂದೇ ಬರೆದಳು. ವರದಿಯ ಬಗ್ಗೆ ಮತ್ತೆ ಯಾರೂ ಉಸಿರೆತ್ತಲಿಲ್ಲ.

ಅಣ್ಣತಂಗಿ ಹತ್ತು ದಿನ ಬಯಲಲ್ಲಿ ಬೋನು ಇಟ್ಟರು. ಹನ್ನೊಂದರಲ್ಲಿ ಸಿಕ್ಕಿದ್ದು ಒಂದೇ, ನಡುಗುತ್ತಿದ್ದ ಪುನುಗು ಬೆಕ್ಕು. ತುಂಬು ಬಸುರಿ. ರಕ್ತ ಪರೀಕ್ಷೆಯಲ್ಲಿ ಸೀಸ ಮಿತಿಮೀರಿತ್ತು.

೫
ಆಗ ವೈದ್ಯೆ ನನ್ನತ್ತ ತಿರುಗಿದಳು. “ಇದನ್ನಾದ್ರೂ ಉಳಿಸಿ. ಪೆನ್ನು ನಿಮ್ಮ ಕೈಲಿದೆ. ಒಂದು ಅಂಕಿ ತಿದ್ದೋಕೆ ಎಷ್ಟು ಹೊತ್ತು?”

“ಇಲಾಖೆಯವರು ಕೇಳಿದ್ದೂ ಅದನ್ನೇ ಅಲ್ವಾ ಡಾಕ್ಟ್ರೇ?”

ಅವಳು ಬೋನಿನತ್ತ ತಿರುಗಿದಳು. ಹಾಗೆ ಕೇಳಬಾರದಿತ್ತು ನಾನು.

೬
ಅಂತ್ಯ ಒಂದು: ಆ ಮಣ್ಣನ್ನೆಲ್ಲ ಬಗೆದು ಲಾರಿಗಳಲ್ಲಿ ಸಾಗಿಸುತ್ತಾರೆ. (ಎಲ್ಲಿಗೆ? ಅಲ್ಲೂ ಎರೆಹುಳುಗಳಿವೆ.)

ಅಂತ್ಯ ಎರಡು: ಔಷಧಿ ನಾಟುತ್ತದೆ, ಪುನುಗು ಬೆಕ್ಕು ಹೆತ್ತ ಮೂರು ಮರಿಗಳೂ ಆಟವಾಡುತ್ತವೆ. (ಬರೆದೆ. ಓದಿ ನಾಚಿಕೆಯಾಯಿತು.)

ಆದದ್ದು ಇಷ್ಟು. ಮೂರರಲ್ಲಿ ಎರಡು ಸತ್ತೇ ಹುಟ್ಟಿದವು. ಮೂರನೆಯದಕ್ಕೆ ಅಣ್ಣ ಬಾಟಲಿ ಹಿಡಿದ. ಅದು ಮೂಸಿಯೂ ನೋಡದೆ ತೆವಳಿ ತಾಯಿಯ ಮೊಲೆಗೇ ಬಾಯಿ ಹಾಕಿತು.

“ಕುಡೀಲಿ ಬಿಡು, ಪಾಪ” ಎಂದ ಅಣ್ಣ.

“ಹಾಲಲ್ಲೂ ಅದೇ ಇದೆ ಅಣ್ಣ.”

“ಬಿಡಿಸಿದ್ರೆ ಉಪವಾಸ ಸಾಯುತ್ತಲ್ಲೇ!”

ಮರಿ ಕಣ್ಣು ಮುಚ್ಚಿಕೊಂಡು ಚೀಪುತ್ತಿದೆ. ಅವಳ ಕೈ ಬೋನಿನ ಬಾಗಿಲು ದಾಟಿ ಅರ್ಧದಲ್ಲಿ ನಿಂತಿದೆ. ಇನ್ನೊಂದು ವಾಕ್ಯ ಬರೆದರೆ ಆ ಕೈ ಮುಂದಕ್ಕೋ ಹಿಂದಕ್ಕೋ ಹೋಗಲೇಬೇಕು. ನಾನು ಬರೆಯುವುದಿಲ್ಲ.