ಇನ್ನೊಂದು ಕೋಟು

ನನ್ನ ಯಜಮಾನರು ಚೆಲುವಯ್ಯ ಮಂಡಿ ಮೊಹಲ್ಲಾದಲ್ಲಿ ಗಾಡಿಗಳಿಗೆ ಸ್ಪ್ರೇ ಪೇಂಟ್ ಹೊಡೆಯುತ್ತಿದ್ದರು. ನಮ್ಮ ಮನೆಯ ಗೋಡೆ ಸುಣ್ಣ ಕಂಡು ಯಾವ ಕಾಲವಾಗಿತ್ತೋ, ಊರವರ ಸ್ಕೂಟರಿನಲ್ಲಿ ಮಾತ್ರ ಮುಖ ಕಾಣಬೇಕು! ಕೈಗೆ ಬಣ್ಣದ ಗನ್ ಬಂತೆಂದರೆ ಹೆಂಡತಿ ಕರೆದರೂ ಕೇಳಿಸದು.

ತೊಂಬತ್ತೆಂಟರ ದಸರಾಕ್ಕೆ ಮುಂಚೆ, ಇವರ ಜೊತೆ ಓದಿದ ಮೃತ್ಯುಂಜಯ ತಮ್ಮ ಹಳೆಯ ಸ್ಕೂಟರನ್ನು ಮಗಳು ಸುಷ್ಮಾಳ ಕೈಲಿ ಕಳಿಸಿದರು. ಸಕ್ಕರೆ ಕಾಯಿಲೆ ಜಾಸ್ತಿಯಾಗಿ ಅವರು ಊರ ಇನ್ನೊಂದು ತುದಿಯ ದಟ್ಟಗಳ್ಳಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಆಯುಧಪೂಜೆಗೆ ಗಾಡಿ ಬಾಗಿಲಲ್ಲಿ ನಿಂತಿರಬೇಕಂತೆ.

ಇವರು ತುಕ್ಕು ಕೆರೆದು, ಉಜ್ಜಿ, ಪ್ರೈಮರ್ ಕೊಟ್ಟು, ನೀಲಿ ಬಣ್ಣವನ್ನು ತೆಳುವಾಗಿ ಹೊಡೆದರು. ಹಾಳು ಮಳೆ ಬಿಡಬೇಕಲ್ಲ! ಗಾಳಿಯ ತೇವಕ್ಕೆ ಬಣ್ಣ ಬೂದಿ ಬಳಿದ ಹಾಗೆ ಮಂಕಾಯಿತು. ಉಜ್ಜಿ ಮತ್ತೆ ಹೊಡೆದರು. ಮತ್ತೆ ಮಂಕು.

ಹಬ್ಬದ ಹಿಂದಿನ ದಿನ ಸುಷ್ಮಾ ಬಂದಳು. "ಹೆಂಗಿದ್ರೂ ಪರವಾಗಿಲ್ಲ, ತಂದ್ಕೊಟ್ಬುಡಿ ಅಂತಾರೆ ಅಪ್ಪಾಜಿ."

"ಹಿಂಗೇ ಕೊಟ್ರೆ ಜನ ಉಗೀತಾರೆ ಕಣಮ್ಮ. ಬಿಸ್ಲು ಬರ್ಲಿ, ಇನ್ನೊಂದು ಕೋಟು ಹೊಡೆದುಬುಡ್ತೀನಿ" ಎಂದರು ಇವರು.

ಅವಳು ಹೋದ ಮೇಲೆ ನಾನು ಹೇಳಿದೆ, "ಒಂದ್ಸಲ ಹೋಗಿ ಮಾತಾಡಿಸ್ಕೊಂಡಾದ್ರೂ ಬನ್ನಿ."

"ಗಾಡಿ ಇಲ್ದೆ ಯಾವ ಮುಖ ಹೊತ್ಕೊಂಡು ಹೋಗ್ಲೇ?"

ಇವರು ಹಿಡಿದ ಮೊಲಕ್ಕೆ ಮೂರೇ ಕಾಲು.

ಹಬ್ಬ ಕಳೆದ ಮೇಲೆ ಬಿಸಿಲು ಬಂತು, ಇವರು ಇನ್ನೊಂದು ಕೋಟು ಹೊಡೆದರು. ಸುಳ್ಳು ಹೇಳಬಾರದು, ಅಂಥ ಹೊಳಪನ್ನು ನಾನು ಯಾವ ಗಾಡಿಯಲ್ಲೂ ನೋಡಿರಲಿಲ್ಲ. ಬಣ್ಣ ಒಣಗುವಷ್ಟರಲ್ಲಿ ಮೃತ್ಯುಂಜಯ ತೀರಿಕೊಂಡ ಸುದ್ದಿ ಬಂತು.

ಕಾರ್ಯವೆಲ್ಲ ಮುಗಿದ ಮೇಲೆ ಗಾಡಿ ತೆಗೆದುಕೊಂಡು ಹೋದೆವು. ಅವರ ಹೆಂಡತಿ ಪಾರ್ವತಮ್ಮ ಹೊರಗೆ ಬಂದರು.

"ಗಾಡಿ ನೋಡ್ದೇ ಹೋಗ್ಬುಟ್ನಲ್ಲ ಅತ್ತಿಗೆ" ಎಂದರು ಇವರು.

"ಏನ್ ನೋಡ್ತಿದ್ರಪ್ಪ? ಶ್ರಾವಣದಲ್ಲೇ ಎರಡು ಕಣ್ಣೂ ಹೋಗಿತ್ತು. ಅವ್ನಿಗೆ ಹೇಳ್ಬೇಡಿ, ನೊಂದ್ಕೋತಾನೆ ಅಂದಿದ್ರು."

"ಮತ್ತೆ ಬಣ್ಣ ಯಾಕೆ ಹೊಡೆಸ್ದ?" ಎಂದರು ಇವರು.

ಪಾರ್ವತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಕರೆದ್ರೆ ಕೆಲಸ ಅಂತಾನೆ, ಗಾಡಿ ಕೊಡೋಕಾದ್ರೂ ಚೆಲುವ ಬಂದೇ ಬರ್ತಾನೆ ಅಂತಿದ್ರು."

ಇವರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತರು. ನಲವತ್ತು ವರ್ಷ ಸಂಸಾರ ಮಾಡಿದ್ದೇನೆ, ಇವರು ಅತ್ತಿದ್ದನ್ನು ನೋಡಿದ್ದು ಅದೊಂದೇ ಸಲ.